ಈಜು, ಸೈಕಲ್, ಓಟ, ಮತ್ತೆ ತೊಡೆಯ ಮೂಳೆ

ನೆಂಟರು ಮನೆಗೆ ಬಂದು, "ಮಗ್ಳು ಏನ್ ಮಾಡ್ತಾವ್ಳೆ?" ಎಂದು ಕೇಳಿದರೆ ಅವ್ವ, "ಆಟಕ್ಕೆ ಸೇರವ್ಳೆ" ಎನ್ನುತ್ತಿದ್ದಳು.

"ಯಾವಾಟ? ಕಬಡ್ಡಿನಾ?"

"ಅಲ್ಲ ಕಣಕ್ಕ. ಮೊದ್ಲು ಈಜ್ತಾಳೆ, ಆಮೇಕೆ ಸೈಕಲ್ ತುಳೀತಾಳೆ, ಆಮೇಕೆ ಓಡ್ತಾಳೆ."

"ಮೂರ್ನೂ ಒಟ್ಗೇನಾ?"

"ಹೂಂ. ಮಧ್ಯೆ ಒಸಿನೂ ಕೂರಂಗಿಲ್ವಂತೆ."

ಇಷ್ಟು ಹೇಳುವಾಗ ಅವ್ವನ ಮುಖದಲ್ಲಿ ಹೆಮ್ಮೆಯೂ ಇರುತ್ತಿತ್ತು, ನಾಚಿಕೆಯೂ ಇರುತ್ತಿತ್ತು. ಮಗಳು ಏನೋ ತಪ್ಪು ಮಾಡಿ ಶಿಕ್ಷೆ ಅನುಭವಿಸುತ್ತಿದ್ದಾಳೆ ಅನ್ನುವ ಹಾಗೆ ನೆಂಟರು ನನ್ನ ಕಡೆ ನೋಡುತ್ತಿದ್ದರು.

ಆದರೆ ಅದು ನನ್ನ ಕೆಲಸ. ಟ್ರಯಥ್ಲಾನ್ ಎಂದರೆ ಒಂದೂವರೆ ಕಿಲೋಮೀಟರ್ ಈಜಿ, ನೀರಿನಿಂದ ಎದ್ದು ಒದ್ದೆ ಬಟ್ಟೆಯಲ್ಲೇ ನಲವತ್ತು ಕಿಲೋಮೀಟರ್ ಸೈಕಲ್ ತುಳಿದು, ಇಳಿದವಳೇ ಹತ್ತು ಕಿಲೋಮೀಟರ್ ಓಡುವುದು. ಇದನ್ನೇ ನಂಬಿಕೊಂಡು ನಾನು ಕೆಲವು ವರ್ಷ ಬದುಕಿದೆ.

ನಮ್ಮ ಹಳ್ಳಿ ಇರುವುದು ಚನ್ನಪಟ್ಟಣದಿಂದ ಕಣ್ವ ಡ್ಯಾಮಿಗೆ ಹೋಗುವ ದಾರಿಯಲ್ಲಿ. ಹಿಪ್ಪುನೇರಳೆ ತೋಟ, ರಾಗಿ ಹೊಲ, ಮನೆಯ ಪಕ್ಕದಲ್ಲೇ ರೇಷ್ಮೆ ಹುಳ ಸಾಕುವ ಹುಳದ ಮನೆ. ಅಪ್ಪ ಗೂಡು ಕಟ್ಟಿಸಿ ರಾಮನಗರದ ಮಾರುಕಟ್ಟೆಗೆ ಒಯ್ಯುತ್ತಿದ್ದ. ಡ್ಯಾಮಿನ ಹಿನ್ನೀರಿನಲ್ಲಿ ದೊಡ್ಡಪ್ಪನ ಮಕ್ಕಳ ಜೊತೆ ಬಿದ್ದು ಎದ್ದು ಈಜು ಕಲಿತೆ. ನಾನು ದೊಡ್ಡವಳಾದ ಮೇಲೆ ಅವ್ವ, "ಇನ್ನು ನೀರ್ಗೆ ಇಳೀಬ್ಯಾಡ" ಎಂದಳು. ಆಗ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಮನೆಗೇ ಬಂದು, ಈ ಹುಡುಗಿ ಚೆನ್ನಾಗಿ ಈಜುತ್ತಾಳೆ, ತಡೆಯಬೇಡಿ ಎಂದು ಕೇಳಿಕೊಂಡರು. ಅವ್ವ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ನಾನು ನೀರಿನಲ್ಲಿರುವಷ್ಟು ಹೊತ್ತೂ ಅವಳು ದಡದಲ್ಲಿ ಕೂತಿರಬೇಕು.

ಅವ್ವನಿಗೆ ನೀರು ಕಂಡರೆ ಭಯ. ಕಾಲು ತೊಳೆಯುವುದಕ್ಕೂ ಒಂದು ಮೆಟ್ಟಿಲಿಗಿಂತ ಕೆಳಗೆ ಇಳಿಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ಟವೆಲ್ಲು ಹಿಡಿದು ಕಲ್ಲಿನ ಮೇಲೆ ಕೂರುತ್ತಿದ್ದಳು. ನಾನು ಒಮ್ಮೆ ಕೇಳಿದೆ, "ನಾನೇನಾದ್ರೂ ಮುಳುಗಿದ್ರೆ ನೀನ್ ಏನ್ ಮಾಡ್ತೀಯವ್ವ?"

"ಕೂಗ್ಕತೀನಿ" ಎಂದಳು. "ಇನ್ನೇನ್ ಮಾಡಾಕಾಯ್ತದೆ?"

ಅಲ್ಲಿಂದ ಕ್ರೀಡಾ ಹಾಸ್ಟೆಲ್, ಅಲ್ಲಿಂದ ಬೆಂಗಳೂರಿನ ಒಬ್ಬ ಕೋಚ್. ಅವರು ಹಿಂದೆ ಈಜುಗಾರರಾಗಿದ್ದವರು. ಸಿಟ್ಟು ಮಾಡದ ಮನುಷ್ಯ. ಟ್ರಯಥ್ಲಾನ್ ನಮ್ಮ ರಾಜ್ಯದಲ್ಲಿ ಆಗ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಅವರೂ ಕಂಪ್ಯೂಟರಿನಲ್ಲಿ ವಿದೇಶದ ಹುಡುಗಿಯರ ಸ್ಪರ್ಧೆಗಳನ್ನು ನೋಡಿ ನೋಡಿ, ತಾವು ಕಲಿತದ್ದನ್ನು ನಮಗೆ ಕಲಿಸುತ್ತಿದ್ದರು. ಡಿಗ್ರಿ ಮುಗಿಯುವ ಹೊತ್ತಿಗೆ ರಾಷ್ಟ್ರೀಯ ಸ್ಪರ್ಧೆಯಲ್ಲಿ ನನಗೊಂದು ಪದಕ ಬಂತು.

ಮೈಸೂರು ರಸ್ತೆಯನ್ನು ಅಗಲ ಮಾಡಿದ ವರ್ಷಗಳು ಅವು. ಬಿಡದಿಯಿಂದ ಈಚೆಗೆ ಹೊಲ ಇದ್ದ ಕಡೆ ಕಾಂಪೌಂಡು, ಕಾಂಪೌಂಡಿನ ಒಳಗೆ ನೀಲಿ ತಗಡಿನ ಶೆಡ್ಡು. ಬೆಳಿಗ್ಗೆ ಗಾರ್ಮೆಂಟ್ಸ್ ವ್ಯಾನುಗಳು ಹಳ್ಳಿಹಳ್ಳಿಗೂ ಬಂದು ಹೆಂಗಸರನ್ನು ತುಂಬಿಕೊಂಡು ಹೋಗುತ್ತಿದ್ದವು. ಹೊಸದಾಗಿ ಬಂದ ಕಾರ್ಖಾನೆಯೊಂದು ಕ್ರೀಡಾಪಟುಗಳನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ ಎಂದಿತು. ನಮ್ಮೂರಿನ ಗಂಡುಹುಡುಗರು ಅಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಲೋಡು ಹೊರುತ್ತಿದ್ದಾಗ ನನಗೆ ಸಂಬಳ ಕೊಟ್ಟು, ಬೆರಳಲ್ಲಿ ಎತ್ತಬಹುದಾದಷ್ಟು ಹಗುರವಾದ ಸೈಕಲ್ ಕೊಟ್ಟರು. ನಾನು ಮಾಡಬೇಕಾಗಿದ್ದು ಇಷ್ಟೇ. ಎದೆಯ ಮೇಲೆ ಅವರ ಹೆಸರು ಹಾಕಿಕೊಂಡು ಸ್ಪರ್ಧಿಸುವುದು, ಮತ್ತು ಭಾರತ ತಂಡದಲ್ಲಿ ಉಳಿಯುವುದು. ತಂಡದಲ್ಲಿ ಇದ್ದರೆ ಮುಂದಿನ ವರ್ಷಕ್ಕೂ ಕೆಲಸ, ಇಲ್ಲದಿದ್ದರೆ ಇಲ್ಲ. ಅದನ್ನು ಹೇಳಿದ ಅಧಿಕಾರಿ ನಗುತ್ತಲೇ, "ಇದನ್ನ ತಲೆ ಮೇಲಿನ ಭಾರ ಅಂದ್ಕೋಬೇಡಿ" ಎಂದರು.

ಬೆಳಿಗ್ಗೆ ಕಣ್ವದಲ್ಲಿ ಈಜು. ಆಮೇಲೆ ರಾಮನಗರ ದಾಟಿ ಮಾಗಡಿ ರಸ್ತೆಯ ಏರುಗಳಲ್ಲಿ ಸೈಕಲ್. ಮೈ ಚೆನ್ನಾಗಿದ್ದ ದಿನ ಮಾಗಡಿಯನ್ನೂ ದಾಟಿ ಕಲ್ಯ ಎಂಬ ಊರಿನವರೆಗೆ ಹೋಗಿ ತಿರುಗುತ್ತಿದ್ದೆ. ಕಲ್ಲು ತುಂಬಿದ ಲಾರಿಗಳು ಪಕ್ಕದಲ್ಲೇ ಉಜ್ಜಿಕೊಂಡು ಹೋಗುತ್ತಿದ್ದವು. ಹಲ್ಲಿನ ಸಂದಿಯಲ್ಲೆಲ್ಲ ಧೂಳು. ಸಂಜೆ ಕಾಲುವೆ ಏರಿಯ ಮೇಲೆ ಓಟ. ವಾರದಲ್ಲಿ ಕೆಲವು ದಿನ ಪ್ಯಾಸೆಂಜರ್ ರೈಲು ಹತ್ತಿ ಬೆಂಗಳೂರಿನ ಈಜುಕೊಳಕ್ಕೆ. ಸುಸ್ತಾಗುತ್ತಿತ್ತು, ಆದರೆ ಆ ಸುಸ್ತಿನಲ್ಲಿ ಸುಖವಿತ್ತು.

ಮೊದಲ ವರ್ಷ ತಂಡಕ್ಕೆ ಆಯ್ಕೆಯಾದೆ. ಹೊರದೇಶದಲ್ಲಿ ಸ್ಪರ್ಧಿಸಿ ಬಹಳ ಹಿಂದೆ ಉಳಿದು ಬಂದೆ. ಕೋಚ್ ಬೈಯಲಿಲ್ಲ. "ನಿನ್ನ ಈಜು ಅವರಿಗೇನೂ ಕಡಿಮೆಯಿಲ್ಲ. ಸೈಕಲ್ಲೂ ಪರವಾಗಿಲ್ಲ. ಓಟದಲ್ಲಿ ಮಾತ್ರ ಭಾರ ಆಗ್ತಿದ್ದೀಯಮ್ಮ. ಸ್ವಲ್ಪ ಮೈ ಇಳಿಸು" ಎಂದರು. ಎಷ್ಟು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮೊದಲು ಮುದ್ದೆ ಬಿಟ್ಟೆ. ಆಮೇಲೆ ಅನ್ನ. ಆಮೇಲೆ ಹಾಲು. ಮುದ್ದೆ ಉಣ್ಣುವ ಮನೆಯಲ್ಲಿ ಒಬ್ಬಳು ತಟ್ಟೆ ತುಂಬಾ ಸೌತೆಕಾಯಿ ಇಟ್ಟುಕೊಂಡು ಕೂತರೆ ಉಳಿದವರಿಗೆ ಊಟ ಇಳಿಯುವುದಿಲ್ಲ. ಅವ್ವ ಸೊಪ್ಪಿನ ಸಾರು ಬಿಟ್ಟು ಅಂಗೈಯಗಲ ಮುದ್ದೆ ಮುಂದಿಡುತ್ತಿದ್ದಳು.

"ಒಸಿ ಉಣ್ಣಮ್ಮಿ. ಮಾಗಡಿಗಂಟ ಸೈಕಲ್ ತುಳ್ದು ಬಂದಿದ್ದೀಯ. ಎತ್ತಾದ್ರೂ ಬೂಸಾ ಕೇಳ್ತದೆ."

"ಬೇಡ ಕಣವ್ವ, ಭಾರ ಆಯ್ತದೆ."

"ಏನ್ ಭಾರ? ನೀನ್ ಎಲ್ಲಿದ್ದೀಯ ಅಂತ್ಲೇ ಕಾಣ್ತಿಲ್ಲ."

ಕಷ್ಟವೆಂದರೆ, ನಾನು ನಿಜವಾಗಿಯೂ ವೇಗವಾದೆ. ಕಾಲು ನೆಲಕ್ಕೆ ತಾಕಿದ್ದೇ ಗೊತ್ತಾಗುತ್ತಿರಲಿಲ್ಲ. ಮರುವರ್ಷ ರಾಷ್ಟ್ರೀಯ ಸ್ಪರ್ಧೆಯಲ್ಲಿ ಮೊದಲಿಗಳಾಗಿ ಬಂದೆ. ಕಾರ್ಖಾನೆಯವರು ಗೇಟಿನಲ್ಲಿ ನನ್ನ ದೊಡ್ಡ ಫೋಟೊ ಹಾಕಿದರು. ಅದರಲ್ಲಿ ನನ್ನ ಕೆನ್ನೆಮೂಳೆ ಎದ್ದು ಕಾಣುತ್ತಿತ್ತು. ನಾನು ಅದನ್ನು ಚೆಂದ ಅಂದುಕೊಂಡೆ. ಆ ಹೊತ್ತಿಗೆ ನನಗೆ ಮುಟ್ಟು ನಿಂತು ಬಹಳ ಕಾಲವಾಗಿತ್ತು. ಜೊತೆಯ ಹುಡುಗಿಯರು, "ನಮಗೂ ಹಾಗೇ, ಒಳ್ಳೇದೇ ಆಯ್ತಲ್ಲ" ಎಂದಿದ್ದರು. ನನಗೂ ಒಂದು ಕಾಟ ತಪ್ಪಿದ ಹಾಗೇ ಅನ್ನಿಸಿತ್ತು.

ಅವ್ವನಿಗೆ ಗೊತ್ತಾಗಿದ್ದು ಹುಳದ ಮನೆಯಿಂದ. ನಮ್ಮ ಕಡೆ ಮುಟ್ಟಾದ ಹೆಂಗಸು ಆ ದಿನಗಳಲ್ಲಿ ಹುಳದ ಮನೆಯ ಬಾಗಿಲು ದಾಟುವುದಿಲ್ಲ. ಹುಳಕ್ಕೆ ಆಗುವುದಿಲ್ಲ ಎನ್ನುತ್ತಾರೆ. ಸೊಪ್ಪು ಹಾಕಲು ಕೈ ಸಾಲದೆ ಇದ್ದಾಗ ನಾನೂ ಹೋಗುತ್ತಿದ್ದೆ. ಹುಳದ ಒಂದು ಬೆಳೆ ಮುಗಿದು ಇನ್ನೊಂದು ಬೆಳೆ ಬಂದರೂ ನಾನು ಒಮ್ಮೆಯೂ "ಈಗ ಬರೋದಿಲ್ಲ" ಎಂದಿರಲಿಲ್ಲ. ಒಂದು ಮಧ್ಯಾಹ್ನ ತಟ್ಟೆಗಳ ಮೇಲೆ ಸೊಪ್ಪು ಹರಡುತ್ತಿದ್ದಾಗ ಅವ್ವ ಕೈ ನಿಲ್ಲಿಸಿ ಕೇಳಿದಳು.

"ನೀನ್ ಹೊರಗಾಗಿ ಎಷ್ಟ್ ದಿನ ಆಯ್ತು?"

ನಾನು ಇನ್ನೊಂದು ತಟ್ಟೆಗೆ ಸೊಪ್ಪು ಹರಡಿದೆ.

"ಎಷ್ಟ್ ತಿಂಗ್ಳಾಯ್ತು?"

"ಗೊತ್ತಿಲ್ಲ."

ಅವ್ವ ಹೋಗಿ ಬಾಗಿಲು ಹಾಕಿಕೊಂಡು ಬಂದಳು. "ನಿಜ ಹೇಳ್ಬುಡಮ್ಮಿ. ಊರೂರು ಸುತ್ತೀಯ. ಗಂಡುಸ್ರ ಜೊತೆಗೆ ಓಡಾಡ್ತೀಯ. ನಿಮ್ಮಪ್ಪಂಗೆ ಹೇಳಾಕಿಲ್ಲ. ಯಾರು ಅಂತ ಹೇಳು."

ಅವಳು ಏನು ಕೇಳುತ್ತಿದ್ದಾಳೆ ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಕೂಗಾಡಿದೆ. ಹುಳದ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ನಾನು ಅಲ್ಲೇ ನಿಂತು ಅರಚಿ, ಅಂಗಿ ಎತ್ತಿ ಬೆನ್ನಿಗಂಟಿದ ಹೊಟ್ಟೆಯನ್ನು ತೋರಿಸಿದೆ. ಅವ್ವ ನನ್ನ ಪಕ್ಕೆಲುಬುಗಳನ್ನು ನೋಡಿದಳು. ಅಷ್ಟು ಹತ್ತಿರದಿಂದ ಅವಳು ಅವನ್ನು ನೋಡಿದ್ದು ಅದೇ ಮೊದಲು. ಬಾಯಿಗೆ ಸೆರಗು ಒತ್ತಿಕೊಂಡು ಕೂತುಬಿಟ್ಟಳು.

ಮಾರನೆಯ ದಿನ ರಾಮನಗರದ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ನನ್ನನ್ನು ತೂಗಿ, ಏನೇನು ತಿನ್ನುತ್ತೀಯ ಎಂದು ಕೇಳಿ, ಪೆನ್ನು ಕೆಳಗಿಟ್ಟರು. "ದುಡಿತಕ್ಕೆ ಬೇಕಾದಷ್ಟು ಊಟ ಇಲ್ಲ. ಅದಕ್ಕೇ ದೇಹ ಒಂದೊಂದೇ ಕೆಲಸ ನಿಲ್ಲಿಸ್ತಾ ಇದೆ. ಮುಟ್ಟು ನಿಂತಿರೋದು ಅದಕ್ಕೇ. ಹೀಗೇ ಬಿಟ್ಟರೆ ಮೂಳೆ ಸೊರಗುತ್ತೆ. ಓಡೋದು ಬಿಟ್ಟು ಆರು ತಿಂಗಳು ಚೆನ್ನಾಗಿ ಊಟ ಮಾಡು."

"ಆಯ್ಕೆ ಹತ್ರ ಬಂದಿದೆ ಡಾಕ್ಟ್ರೇ" ಎಂದೆ.

"ಮೂಳೆಗೆ ಅದೆಲ್ಲ ಗೊತ್ತಾಗಲ್ಲಮ್ಮ."

ಆರು ತಿಂಗಳು ಎಂದರೆ ತಂಡ ಹೋಯಿತು, ತಂಡ ಹೋದರೆ ಕೆಲಸ ಹೋಯಿತು, ಸೈಕಲ್ ಹೋಯಿತು. ಹಾಗೆಂದು ಅವ್ವನಿಗೆ ಹೇಳಿದೆ. ಅವಳು ಶನಿವಾರ ನನ್ನನ್ನು ದೊಡ್ಡಮಳೂರಿಗೆ ಕರೆದುಕೊಂಡು ಹೋದಳು. ಅಪ್ರಮೇಯ ಸ್ವಾಮಿ ಗುಡಿಯಲ್ಲಿ ಅಂಬೆಗಾಲು ಕೃಷ್ಣನ ಮುಂದೆ ಮಕ್ಕಳಿಲ್ಲದ ಹೆಂಗಸರು ತೊಟ್ಟಿಲು ಹರಕೆ ಹೊರುತ್ತಾರೆ. ಮದುವೆಯೇ ಆಗದ ಮಗಳನ್ನು ಆ ಸಾಲಿನಲ್ಲಿ ನಿಲ್ಲಿಸಿ ಅವ್ವ ಕಣ್ಣುಮುಚ್ಚಿ ಏನೋ ಬೇಡಿಕೊಂಡಳು. ಹಿಂದೆ ನಿಂತ ದಂಪತಿ ನನ್ನ ಕುತ್ತಿಗೆ ನೋಡಿ, ಆಮೇಲೆ ಅವ್ವನ ಮುಖ ನೋಡಿದರು. ನನಗೆ ನೆಲಕ್ಕಿಳಿದು ಹೋಗುವಷ್ಟು ಅವಮಾನವಾಯಿತು. ಆ ಸಂಜೆಯೂ ಎಂದಿನಂತೆ ಕಾಲುವೆ ಏರಿಯ ಮೇಲೆ ಓಡಲು ಹೋದೆ.

ಬಲತೊಡೆಯ ಸಂದಿನಲ್ಲಿ ನೋವು ಶುರುವಾಗಿದ್ದು ಆ ತಿಂಗಳೇ. ಓಡುವಾಗ ಬರುತ್ತಿತ್ತು, ನಿಂತರೆ ಹೋಗುತ್ತಿತ್ತು. ಸೈಕಲ್ ಮೇಲೆ ಏನೂ ಇಲ್ಲ. ಹಾಗಾಗಿ ನರ ಹಿಡಿದಿರಬೇಕು ಅಂದುಕೊಂಡೆ. ಕೋಚ್ ಕೂಡ ಒತ್ತಿ ನೋಡಿ ಹಾಗೇ ಅಂದರು, ಒಂದು ವಾರ ಓಟ ನಿಲ್ಲಿಸಿದರು. ಆಮೇಲೆ ನಡೆಯುವಾಗಲೂ ನೋಯತೊಡಗಿತು. ಬಸ್ಸಿನ ಮೆಟ್ಟಿಲು ಹತ್ತಲು ಎಡಗಾಲನ್ನೇ ಮುಂದಿಡುತ್ತಿದ್ದೆ. ಹೇಳಿದರೆ ಬೇರೆಯವಳನ್ನು ಕಳಿಸುತ್ತಾರೆ. ನನ್ನ ಹಿಂದೆಯೇ ಬರುತ್ತಿದ್ದ ಹುಡುಗಿಯೊಬ್ಬಳು ಆ ವರ್ಷ ತುಂಬಾ ಮುಂದೆ ಬಂದಿದ್ದಳು. ಹಗಲೂ ಇರುಳೂ ನನಗೆ ಅವಳದೇ ಯೋಚನೆ.

ಆಯ್ಕೆಯ ಸ್ಪರ್ಧೆ ನಡೆದದ್ದು ಪೂರ್ವ ತೀರದ ಒಂದು ಊರಿನಲ್ಲಿ. ಸಮುದ್ರದಿಂದ ಎಲ್ಲರಿಗಿಂತ ಮೊದಲು ಎದ್ದು ಬಂದೆ. ಸೈಕಲ್‌ನಲ್ಲೂ ಮುಂದೆಯೇ ಇದ್ದೆ. ಇಳಿದು ಷೂ ಹಾಕಿಕೊಂಡು ಓಡಲು ಹೊರಟಾಗ ತೊಡೆಯೊಳಗೆ ಕಾಯಿಸಿದ ಕಂಬಿ ಇಟ್ಟ ಹಾಗಾಯಿತು. ಓಡಿದೆ. ಬಿಸಿಲಿತ್ತು. ಹಿಂದಿನ ಹುಡುಗಿಯ ಹೆಜ್ಜೆ ಸದ್ದು ಕೇಳುತ್ತಿತ್ತು. ತಿರುವಿನಲ್ಲಿ ನಿಂತಿದ್ದ ಕೋಚ್, "ಇನ್ನೊಂದೇ ಸುತ್ತು, ಬಿಡಬೇಡ" ಎಂದು ಕೂಗಿದರು. ಆಮೇಲೆ ಒಂದು ಸದ್ದಾಯಿತು. ಹಸಿ ಕಡ್ಡಿ ಮುರಿದಂಥ ಸಣ್ಣ ಸದ್ದು. ಅದು ಹೊರಗೆ ಯಾರಿಗಾದರೂ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಬಲಗಾಲು ಇಟ್ಟೆ, ಅಲ್ಲಿ ಕಾಲೇ ಇರಲಿಲ್ಲ. ಟಾರಿನ ಮೇಲೆ ಬಿದ್ದೆ. ಎದ್ದೇಳಲು ಎರಡು ಸಲ ನೋಡಿದೆ. ಆ ಹುಡುಗಿ ಪಕ್ಕದಲ್ಲಿ ದಾಟುವಾಗ ಒಂದು ಕ್ಷಣ ನಿಧಾನ ಮಾಡಿದಳು. "ಹೋಗು" ಎಂದೆ ಎಂದು ಕಾಣುತ್ತದೆ. ಅವಳು ಹೋದಳು.

ಸೊಂಟಕ್ಕೆ ಸೇರುವ ಕಡೆ ತೊಡೆಮೂಳೆ ಮುರಿದಿತ್ತು. ಅಲ್ಲಿಯ ಆಸ್ಪತ್ರೆಯಲ್ಲೇ ತಿರುಪುಮೊಳೆ ಹಾಕಿ ಕೂಡಿಸಿದರು. ಸರ್ಜನ್ ಎಕ್ಸ್‌ರೇ ಹಿಡಿದು, "ನಿಮ್ಮ ವಯಸ್ಸಿನವರ ಮೂಳೆ ಹೀಗಿರಬಾರದು. ಅರವತ್ತು ದಾಟಿದವರದು ಹೀಗಿರುತ್ತೆ. ಓಟ ಮುಗೀತು ಅಂದ್ಕೊಳ್ಳಿ" ಎಂದರು. ಕೋಚ್ ಹಾಸಿಗೆಯ ಪಕ್ಕದಲ್ಲಿ ನಿಂತಿದ್ದರು. "ಮೈ ಇಳಿಸಿದ್ರೆ ಹೀಗಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲಮ್ಮ. ಯಾರೂ ಹೇಳಿಕೊಟ್ಟಿರಲಿಲ್ಲ" ಎಂದು ಹೇಳಿ ಅತ್ತರು. ಅಪ್ಪ ಬಂದು, ವ್ಯಾನಿನಲ್ಲಿ ಮಲಗಿಸಿಕೊಂಡು ಊರಿಗೆ ಕರೆತಂದ.

ಮನೆಯಲ್ಲಿ ಮಂಚದ ಮೇಲೆ ಬಿದ್ದಿದ್ದೆ. ಮಲಗಿದಲ್ಲೇ ಎಲ್ಲವೂ ಆಗಬೇಕಿತ್ತು. ಗೋಡೆಯಾಚೆ ಹುಳಗಳು ಸೊಪ್ಪು ತಿನ್ನುವ ಸದ್ದು ಇಡೀ ಹಗಲು ಕೇಳುತ್ತಿತ್ತು. ನಾನು ಅವ್ವ ತಂದ ಊಟವನ್ನು ಗೋಡೆಯ ಕಡೆ ತಳ್ಳುತ್ತಿದ್ದೆ. ಓಡದವಳಿಗೆ ಊಟ ಯಾಕೆ? ಕೋಚ್ ಫೋನು ಮಾಡಿದರೆ ತೆಗೆಯಲಿಲ್ಲ.

ಊರುಗೋಲು ಹಿಡಿದು ಅಂಗಳಕ್ಕೆ ಬರುವಷ್ಟಾದಾಗ ಕಾರ್ಖಾನೆಯ ಅದೇ ಅಧಿಕಾರಿ ಬಂದರು. ಹಣ್ಣಿನ ಬುಟ್ಟಿ ತಂದಿದ್ದರು. ಅವ್ವ ಕೊಟ್ಟ ಕಾಫಿ ಕುಡಿದು, ಈ ವರ್ಷದ ತಂಡದಲ್ಲಿ ನಾನು ಇಲ್ಲದಿರುವುದರಿಂದ ಮೇಲಿನವರು ಕೆಲಸದ ಕರಾರು ನವೀಕರಣ ಮಾಡಿಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಆಮೇಲೆ ಗೋಡೆಗೆ ಒರಗಿಸಿದ್ದ ಸೈಕಲ್ ಕಡೆ ನೋಡಿ ಕೆಮ್ಮಿದರು. ಹೊರಗೆ ಟೆಂಪೊ ನಿಂತಿತ್ತು.

ಅಪ್ಪ ಕೇಳಿದ, "ಅದ್ನ ಇಲ್ಲೇ ಬುಟ್ಟೋದ್ರೆ ಆಗಾಕಿಲ್ವಾ ಸ್ವಾಮಿ? ಮಗ್ಳಿಗೆ ಒಸಿ ವಾಸಿ ಆದ್ಮೇಲೆ..."

"ಕಂಪನಿ ಆಸ್ತಿ ಯಜಮಾನ್ರೇ. ನನ್ನ ಕೈಲಿಲ್ಲ."

ಟೆಂಪೊದವನು ಅದನ್ನು ಎತ್ತಿದ. ಇಷ್ಟು ಹಗುರವೇ ಎಂದು ಆಶ್ಚರ್ಯಪಟ್ಟು ಒಂದೇ ಕೈಯಲ್ಲಿ ತೂಗಿ ನೋಡಿದ. ನಾನು ಒಳಗೆ ಹೋಗಿ ಮಲಗಿದೆ. ಆ ದಿನದಿಂದ ನನಗೆ ಅಳುವೂ ಬರಲಿಲ್ಲ.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವ್ವ ತೋಟದಿಂದ ಸೊಪ್ಪು ತರಲು ಹೋಗಿದ್ದಾಗ ಊರುಗೋಲು ಹಿಡಿದು ರಸ್ತೆಗೆ ಬಂದು ಡ್ಯಾಮಿನ ಬಸ್ ಹತ್ತಿದೆ. ಈಜಿ ಬರುತ್ತೇನೆ ಎಂದು ಅಂದುಕೊಂಡಿದ್ದೆನೋ, ಬರುವುದಿಲ್ಲ ಎಂದು ಅಂದುಕೊಂಡಿದ್ದೆನೋ, ಇವತ್ತಿಗೂ ಖಚಿತವಾಗಿ ಹೇಳಲಾರೆ. ಊರುಗೋಲನ್ನು ಕಲ್ಲಿನ ಮೇಲಿಟ್ಟು ನೀರಿಗಿಳಿದೆ. ನೀರಿನಲ್ಲಿ ಕಾಲು ನೋಯಲಿಲ್ಲ. ಅದೇ ನನಗೆ ತಡೆಯಲಾಗದ ಸಂಕಟವಾಯಿತು. ದೂರ ಹೋದೆ. ದಡ ಸಣ್ಣದಾದ ಮೇಲೆ ಕೈ ನಿಲ್ಲಿಸಿದೆ. ಇಲ್ಲಿಗೆ ಸಾಕು ಅನ್ನಿಸಿತು. ಆದರೆ ಅಷ್ಟು ವರ್ಷ ಈಜಿದ ಮೈ ನನ್ನ ಮಾತು ಕೇಳಲಿಲ್ಲ. ತಾನಾಗಿ ಅಂಗಾತ ತಿರುಗಿ ತೇಲಿತು, ತಾನಾಗಿ ಉಸಿರೆಳೆದುಕೊಂಡಿತು. ಆಕಾಶ ನೋಡಿಕೊಂಡು ಹಾಗೇ ಬಿದ್ದಿದ್ದೆ.

ಅವ್ವ ಕೂಗುವುದು ಕೇಳಿಸಿತು. ಯಾರೋ ನನ್ನನ್ನು ಬಸ್ಸಿನಲ್ಲಿ ನೋಡಿ ಅವಳಿಗೆ ಹೇಳಿ, ಬೈಕಿನಲ್ಲಿ ಕರೆತಂದಿದ್ದರು. ನಾನು ಓಗೊಡಲಿಲ್ಲ. ಸ್ವಲ್ಪ ಹೊತ್ತಿಗೆ ಕೂಗು ನಿಂತಿತು. ನಿಂತಿದ್ದಕ್ಕೇ ತಲೆ ಎತ್ತಿ ನೋಡಿದೆ. ಅವ್ವ ದಡದಲ್ಲಿರಲಿಲ್ಲ. ನೀರಿನಲ್ಲಿದ್ದಳು. ಎದೆಮಟ್ಟದ ನೀರಿನಲ್ಲಿ, ಸೀರೆ ಸುತ್ತಲೂ ತೇಲುತ್ತಿದ್ದಂತೆ, ಎರಡು ಕೈ ಎತ್ತಿ ನನ್ನ ಕಡೆ ಇನ್ನೊಂದು ಹೆಜ್ಜೆ ಇಡುತ್ತಿದ್ದಳು. ಅಲ್ಲಿಂದ ಮುಂದೆ ನೆಲ ಇದ್ದಕ್ಕಿದ್ದಂತೆ ಇಳಿಜಾರಾಗುತ್ತದೆ ಎಂದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. ಬೈಕಿನವನು ದಡದಲ್ಲಿ ನಿಂತು ಅರಚುತ್ತಿದ್ದ, ಅವನಿಗೂ ಈಜು ಬರುತ್ತಿರಲಿಲ್ಲ.

ಯಾವ ಸ್ಪರ್ಧೆಯಲ್ಲೂ ನಾನು ಹಾಗೆ ಈಜಿಲ್ಲ. ತಲುಪುವ ಹೊತ್ತಿಗೆ ಅವಳ ಗಲ್ಲ ನೀರಿಗೆ ತಾಕಿತ್ತು. ಸೀರೆ ಹಿಡಿದು ಹಿಂದಕ್ಕೆ ಎಳೆದೆ. ಇಬ್ಬರೂ ದಡದ ಕೆಸರಿನಲ್ಲಿ ಬಿದ್ದೆವು. ಅವ್ವ ಏದುಸಿರು ಬಿಡುತ್ತ ನನ್ನ ಕೆನ್ನೆಗೆ ಬಾರಿಸಿದಳು. ನಾನು ಕೂಗಿದೆ, "ನಿಂಗೆ ಈಜಾಕ್ ಬತ್ತದಾ? ಯಾಕಿಳ್ದೆ?"

"ನೀನ್ ತಿರುಗ್ ನೋಡ್ನಿಲ್ವಲ್ಲ" ಎಂದಳು. "ಕೂಗ್ದೆ, ಕೂಗ್ದೆ, ನೋಡ್ನಿಲ್ವಲ್ಲ ನೀನು."

ಅಪ್ಪನಿಗೆ ಈ ವಿಷಯ ಅವಳು ಹೇಳಲಿಲ್ಲ. ಆದರೆ ಅಂದಿನಿಂದ ನಾನು ಉಣ್ಣುವವರೆಗೂ ಎದುರಿಗೆ ಕೂರತೊಡಗಿದಳು. ಮೊದಮೊದಲು ತಿಂದದ್ದೆಲ್ಲ ವಾಂತಿಯಾಗುತ್ತಿತ್ತು. ಆಮೇಲೆ ಅರ್ಧ ಮುದ್ದೆ, ಆಮೇಲೆ ಇಡೀ ಮುದ್ದೆ. ರಾಮನಗರದ ಡಾಕ್ಟರ ಹತ್ತಿರ ಮತ್ತೆ ಹೋದೆವು. ಅವರು ಹಿಂದಿನದನ್ನು ಎತ್ತಿ ಆಡಲಿಲ್ಲ. ಡ್ಯಾಮಿನ ವಿಷಯವನ್ನು ಅವರ ಹತ್ತಿರ ನಾನೇ ಹೇಳಿದೆ. ಅವರು ಬೆಂಗಳೂರಿನ ಮನಸ್ಸಿನ ಡಾಕ್ಟರೊಬ್ಬರ ಹತ್ತಿರ ಕಳಿಸಿದರು. ವರ್ಷ ಕಳೆದ ಮೇಲೆ ಮುಟ್ಟು ಮರಳಿ ಬಂತು. ಅಷ್ಟರಲ್ಲಿ ನಮ್ಮ ರಾಮನಗರ ಬೇರೆ ಜಿಲ್ಲೆಯಾಗಿತ್ತು. ನನ್ನ ಹಿಂದೆ ಓಡಿದ ಹುಡುಗಿ ತಂಡದಲ್ಲಿ ಗಟ್ಟಿಯಾಗಿ ಕೂತಿದ್ದಳು.

ನಾನು ಗಾರ್ಮೆಂಟ್ಸ್ ವ್ಯಾನು ಹತ್ತಿದೆ. ಹೊಲಿದ ಬಟ್ಟೆಯಲ್ಲಿ ದಾರ ಬಿಟ್ಟಿದೆಯೇ, ಗುಂಡಿ ಸರಿಯಿದೆಯೇ ಎಂದು ನೋಡುವ ಚೆಕಿಂಗ್ ಕೆಲಸ. ಸಂದರ್ಶನ ಮಾಡಿದವಳು ಹಿಂದೆ ಏನು ಮಾಡುತ್ತಿದ್ದೆ ಎಂದು ಕೇಳಿದಾಗ, "ಮನೇಲಿದ್ದೆ" ಎಂದೆ. ಸಂಜೆಯಾಗುವ ಹೊತ್ತಿಗೆ ಬಲಗಾಲು ಜೋಮು ಹಿಡಿಯುತ್ತಿತ್ತು. ಪಕ್ಕದ ಟೇಬಲ್ಲಿನ ಅಕ್ಕ ಸೂಪರ್‌ವೈಸರ್ ಕಣ್ಣು ತಪ್ಪಿಸಿ ನನಗೊಂದು ಸ್ಟೂಲು ತಳ್ಳುತ್ತಿದ್ದಳು.

ಮೂಳೆ ಗಟ್ಟಿಯಾಗಿದೆ, ಬೇಕಿದ್ದರೆ ನಿಧಾನವಾಗಿ ಓಡಿ ನೋಡು ಎಂದು ಡಾಕ್ಟರು ಹೇಳಿದ್ದು ಅದೆಷ್ಟೋ ಕಾಲದ ಮೇಲೆ. ಒಂದು ಭಾನುವಾರ ಚಿಕ್ಕಮ್ಮನ ಮನೆಗೆಂದು ಕನಕಪುರಕ್ಕೆ ಹೋಗಿದ್ದೆ. ಬೆಳಿಗ್ಗೆ ಹೊರಟು ಊರಾಚೆಯ ರಸ್ತೆಯಲ್ಲಿ ಓಡಿದೆ. ಕಾಲು ತಾಳಿಕೊಂಡಿತು. ನೋಯಲೂ ಇಲ್ಲ. ಒಂದು ಏರು ಹತ್ತಿ, ಕಲ್ಲು ಕ್ವಾರಿಯ ಹತ್ತಿರ ನಿಂತೆ. ಸಂತೋಷ ಬರಬಹುದೇನೋ ಎಂದು ಕಾದೆ. ಬರಲಿಲ್ಲ. ಬರೀ ಹಸಿವಾಗುತ್ತಿತ್ತು, ಓಡಿಯೇ ವಾಪಸ್ ಹೋಗಬೇಕು ಅನ್ನಿಸಲಿಲ್ಲ. ಅಷ್ಟರಲ್ಲಿ ಕನಕಪುರದ ಕಡೆ ಹೋಗುವ ಬಸ್ ಬಂತು. ಕೈ ಅಡ್ಡ ಹಿಡಿದೆ. ಕಂಡಕ್ಟರ್, "ಬೇಗ ಹತ್ತಮ್ಮ" ಎಂದ. ಹತ್ತಿ, ಕಿಟಕಿ ಪಕ್ಕ ಕೂತೆ.